ಸ್ಕೈಲೈನ್ ಮತ್ತು ನಮ್ಮನೆ ಫಿಯಟ್

ಭಾನುವಾರ ಬೆಳಿಗ್ಗೆ ಆರೂ ಕಾಲಿಗೆ ನಾಗರಾಜ ಮಾವ ಗ್ರೂಪಿಗೆ ಒಂದು ಫಾರ್ವರ್ಡ್ ಬಿಟ್ಟರು. ಗ್ರೂಪಿನ ಹೆಸರು ‘ನಮ್ಮನೆ ಬಳಗ’. ಒಟ್ಟು 43 ಜನ. ಮಾತಾಡೋದು ಎಂಟು ಜನ, ಜಗಳ ಆಡೋದು ಐದು ಜನ. ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ.

ಫಾರ್ವರ್ಡ್ ಹೀಗಿತ್ತು:

‘ತಪ್ಪದೆ ಓದಿ, ಮಕ್ಕಳಿಗೂ ಓದಿಸಿ. 1964. ಜಪಾನಿನ ಒಂದು ಕಾರು ಜರ್ಮನಿಯ ಪೋರ್ಷೆಯನ್ನೇ ರೇಸಿನಲ್ಲಿ ಸೋಲಿಸಿತು! ಅದೇ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್. ಆಮೇಲೆ ಅದು ಒಂದೂ ರೇಸ್ ಸೋಲಲಿಲ್ಲ. ಹೆದರಿದ ಆಸ್ಟ್ರೇಲಿಯಾ ಸರ್ಕಾರ ಆ ಕಾರನ್ನು ದೇಶದಲ್ಲೇ ನಿಷೇಧಿಸಿತು! ಜನ ಅದನ್ನು ಗಾಡ್ಜಿಲ್ಲಾ ಎಂದು ಕರೆದರು. 2025ರಲ್ಲಿ ಕಂಪನಿ ಆ ಕಾರನ್ನು ನಿಲ್ಲಿಸಿತು. ಯಾಕೆ ಗೊತ್ತಾ? ಇಂದಿನ ಹುಡುಗರಿಗೆ ಗೇರ್ ಹಾಕುವ ಶ್ರಮ ಬೇಡ, ಆಟೋಮ್ಯಾಟಿಕ್ ಬೇಕು. ಯೋಚಿಸಿ.’

ಕೊನೆಗೆ ಕೈಮುಗಿದ ಚಿತ್ರ ಮೂರು.

ಮಾವ ಇದನ್ನು ಯಾಕೆ ಹಾಕಿದರು ಅಂತ ಎಲ್ಲರಿಗೂ ಗೊತ್ತು. ಹಿಂದಿನ ವಾರ ಅವರ ಮಗ ಗಿರೀಶ ಆಟೋಮ್ಯಾಟಿಕ್ ಕಾರು ಬುಕ್ ಮಾಡಿದ್ದ. ಕ್ಲಚ್ ಇಲ್ಲದ ಕಾರು ಓಡಿಸೋದು ಅಂದ್ರೆ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಉಂಡ ಹಾಗೆ ಅಂತ ಮಾವನ ಅಭಿಪ್ರಾಯ. ಮೇಲಿನ ಸಾಲುಗಳನ್ನು ಅವರು ಓದಿರಲಿಕ್ಕಿಲ್ಲ. ಕೊನೆ ಎರಡು ಸಾಲು ಸಾಕಿತ್ತು.

ಮೊದಲು ಬಂದವರು ದೊಡ್ಡಪ್ಪ. ರಿಟೈರ್ಡ್ ಹೆಡ್‌ಮಾಸ್ಟರು.

ದೊಡ್ಡಪ್ಪ: ಒಳ್ಳೆಯ ವಿಚಾರ ನಾಗರಾಜರೇ. ಶ್ರಮವಿಲ್ಲದೆ ಸಿದ್ಧಿ ಇಲ್ಲ. ಜಪಾನಿನವರಿಂದ ಕಲಿಯಬೇಕು.

ಆಮೇಲೆ ಶ್ರೀಧರ ಚಿಕ್ಕಪ್ಪ. ಮೂವತ್ತೆರಡು ವರ್ಷ ಆಡಿಟ್ ಮಾಡಿದವರು. ಮನೆಯ ಕಿರಾಣಿ ಚೀಟಿಗೂ ಟಿಕ್ ಹಾಕುತ್ತಾರೆ.

ಚಿಕ್ಕಪ್ಪ: ಆಧಾರ?

ಮಾವ: ಎಂತ ಆಧಾರ ಮಾರಾಯ? ಬಂದದ್ದು ಹಾಕಿದ್ದೇನೆ.

ಚಿಕ್ಕಪ್ಪ: ಒಂದು ದೇಶದ ಸರ್ಕಾರ ಕಾರು ನಿಷೇಧಿಸಿದ್ರೆ ಆದೇಶದ ನಂಬರ್ ಇರಬೇಕಲ್ಲ ಭಾವ.

ಅಪ್ಪ ಎರಡಕ್ಕೂ ಹೆಬ್ಬೆರಳು ಒತ್ತಿದರು. ಅಪ್ಪ ಗ್ರೂಪಿನಲ್ಲಿ ಒಂದೂ ಅಕ್ಷರ ಬರೆದವರಲ್ಲ. ಜಗಳದ ಎರಡೂ ಕಡೆಗೆ ಹೆಬ್ಬೆರಳು ಕೊಟ್ಟು ತಿಂಡಿಗೆ ಹೋಗುತ್ತಾರೆ.

ನಾನು ಸುಮ್ನೆ ಇರಬೇಕಿತ್ತು. ಆದರೆ ನನ್ನ ಕೆಲಸವೇ ಗೇರ್‌ಬಾಕ್ಸಿನ ಬಿಡಿಭಾಗಗಳ ಡಿಸೈನು. ಹಾಸ್ಟೆಲ್ ದಿನಗಳಲ್ಲಿ ಗೆಳತಿಯ ಮನೆಯ ಪ್ಲೇಸ್ಟೇಷನ್‌ನಲ್ಲಿ ನೀಲಿ ಸ್ಕೈಲೈನ್ ಓಡಿಸಿ ಓಡಿಸಿ ಹೆಬ್ಬೆರಳಿಗೆ ಗುಳ್ಳೆ ಬರಿಸಿಕೊಂಡವಳು ನಾನು. ಬಳಗದಲ್ಲಿ ಈ ಕಾರಿನ ಬಗ್ಗೆ ನಿಜಕ್ಕೂ ಗೊತ್ತಿರೋದು ನನಗೊಬ್ಬಳಿಗೇ. ವಯಸ್ಸು 38. ಇವತ್ತಿಗೂ ಎಲ್ಲರಿಗೂ ನಾನು ಪುಟ್ಟಿ.

ಅರ್ಧ ಗಂಟೆ ಕೂತು ಟೈಪ್ ಮಾಡಿದೆ:

‘ಮಾವ, 1964ರಲ್ಲಿ ಸ್ಕೈಲೈನ್ ನಿಸ್ಸಾನ್ ಕಾರೇ ಅಲ್ಲ. ಪ್ರಿನ್ಸ್ ಅನ್ನೋ ಕಂಪನಿಯದ್ದು. ಆ ಕಂಪನಿ ನಿಸ್ಸಾನ್ ಜೊತೆ ಸೇರಿದ್ದು 1966ರಲ್ಲಿ. ಅದು ಮನೆಮಂದಿ ಓಡಾಡುವ ನಾಲ್ಕು ಸಿಲಿಂಡರಿನ ಕಾರು. ರೇಸಿಗೆ ಅಂತ ಅವರದ್ದೇ ದೊಡ್ಡ ಕಾರು ಗ್ಲೋರಿಯಾದ ಆರು ಸಿಲಿಂಡರ್ ಎಂಜಿನ್ ಇಳಿಸೋಕೆ ಹೊರಟರು. ಹಿಡಿಸಲಿಲ್ಲ. ಮೂತಿಯನ್ನೇ 20 ಸೆಂಟಿಮೀಟರ್ ಉದ್ದ ಮಾಡಿದರು. ಸುಜುಕಾ ಟ್ರ್ಯಾಕಿನಲ್ಲಿ ಎದುರಿಗೆ ನಿಂತದ್ದು ಪೋರ್ಷೆ 904, ರೇಸಿಗೆ ಅಂತಲೇ ಹುಟ್ಟಿದ ಕಾರು. ಇಕುಜಾವಾ ಟೆಟ್ಸು ಅನ್ನೋ ಚಾಲಕ ಒಂದು ಸುತ್ತು ಅದಕ್ಕಿಂತ ಮುಂದೆ ಬಂದ. ಒಂದೇ ಸುತ್ತು. ಗೆದ್ದದ್ದು ಪೋರ್ಷೆಯೇ. ಎರಡರಿಂದ ಆರನೇ ಸ್ಥಾನದವರೆಗೆ ಸ್ಕೈಲೈನ್‌ಗಳು. ಜಿಟಿ-ಆರ್ ಅನ್ನೋ ಹೆಸರು ಬಂದದ್ದು 1969ರಲ್ಲಿ.’

ಬಂದ ಉತ್ತರಗಳು ಇಷ್ಟು:

ಗಿರೀಶ: ಪುಟ್ಟಕ್ಕ ಪರೀಕ್ಷೆ ಬರೀತಿದ್ದಾಳೆ, 10 ಮಾರ್ಕಿನ ಪ್ರಶ್ನೆ.

ಚಿಕ್ಕಮ್ಮ: ಪುಟ್ಟಿ ತಿಂಡಿ ಆಯ್ತಾ?

ದೊಡ್ಡಪ್ಪ: ಲೀಟರಿಗೆ ಎಷ್ಟು ಕೊಡುತ್ತೆ ಅದು?

ಮಾವ: ಒಂದು ಸುತ್ತು ಮುಂದಿದ್ದದ್ದು ಹೌದಲ್ಲ! ಅದನ್ನೇ ಹೇಳಿದ್ದು.

ಚಿಕ್ಕಪ್ಪ: ಮುಂದಿರೋದು ಬೇರೆ, ಸೋಲಿಸೋದು ಬೇರೆ ಭಾವ.

ಚಿಕ್ಕಪ್ಪನಿಗೆ ಹುರುಪು ಬಂದದ್ದು ನೋಡಿ ನಾನೂ ಒಂದು ಚಮಚ ತುಪ್ಪ ಸುರಿದೆ. ಆ ಪೋರ್ಷೆ ಅಭ್ಯಾಸದಲ್ಲಿ ಗುದ್ದಿಸಿಕೊಂಡು ಗಡಿಬಿಡಿಯಲ್ಲಿ ರಿಪೇರಿಯಾಗಿ ಬಂದಿತ್ತು. ಅದನ್ನು ಓಡಿಸುತ್ತಿದ್ದ ಶಿಕಿಬಾ ಮತ್ತು ಇಕುಜಾವಾ ಪರಿಚಯಸ್ಥರು. ಆ ಒಂದು ಸುತ್ತನ್ನು ಶಿಕಿಬಾ ಬಿಟ್ಟುಕೊಟ್ಟ ಅನ್ನೋ ಗುಸುಗುಸು ಇವತ್ತಿಗೂ ನಿಂತಿಲ್ಲ. ಆದರೂ ಸ್ಟ್ಯಾಂಡಿನಲ್ಲಿ ಕೂತಿದ್ದವರಿಗೆ ಅದು ಕಣ್ಣಿಗೆ ಕಂಡ ಸತ್ಯ. ಮನೆಯಲ್ಲಿ ಬಾಡಿಗೆಗಿರುವವನ ಕಾರಿನಂಥ ಕಾರು, ಹಿಂದೆ ಪೋರ್ಷೆ. ಸ್ಕೈಲೈನಿನ ದಂತಕತೆ ಹುಟ್ಟಿದ್ದೇ ಆ ಒಂದು ಸುತ್ತಿನಿಂದ.

ಚಿಕ್ಕಪ್ಪ: ಅಂದ್ರೆ ಬುಡದಲ್ಲೇ ಸಂಶಯ.

ಮುಂದಿನದ್ದನ್ನೂ ಹೇಳಿದೆ. 1969ರ ಜಿಟಿ-ಆರ್ ನಾಲ್ಕು ಬಾಗಿಲಿನ ಸಾಧು ಕಾರು. ಒಳಗೆ ಮಾತ್ರ ಎಸ್20 ಅನ್ನೋ ಎಂಜಿನ್. 1989 ಸಿಸಿ, 24 ವಾಲ್ವು, 160 ಅಶ್ವಶಕ್ತಿ. ಪ್ರಿನ್ಸ್ ಕಂಪನಿಯ ಆರ್380 ಅನ್ನೋ ರೇಸ್ ಕಾರಿನ ಎಂಜಿನ್ನಿನ ವಂಶದ್ದು. ಆ ವರ್ಷ ಮೇ ತಿಂಗಳಲ್ಲಿ ಮೊದಲ ರೇಸ್. ಗೆರೆ ಮೊದಲು ದಾಟಿದ್ದು ಟೊಯೊಟಾ. ಅಡ್ಡ ಹಾಕಿದ್ದಕ್ಕೆ ಅದಕ್ಕೆ ದಂಡ ಬಿತ್ತು, ಗೆಲುವು ಜಿಟಿ-ಆರ್‌ಗೆ ಬಂತು. ಅಲ್ಲಿಂದ ಸತತ 49 ಗೆಲುವು. ಆ ಸರಪಳಿ ಕಡಿದದ್ದು ಮಜ್ದಾದ ರೋಟರಿ ಎಂಜಿನ್ ಕಾರು. 1972ರ ಮಾರ್ಚ್‌ನಲ್ಲಿ ಐವತ್ತನೇ ಗೆಲುವು ಬಂತು.

‘1970ರಲ್ಲಿ ಎರಡು ಬಾಗಿಲಿನದ್ದು ಬಂತು. ಆ ಪೀಳಿಗೆಗೆ ಅಲ್ಲಿನವರು ಇಟ್ಟ ಅಡ್ಡಹೆಸರು ಹಾಕೊಸುಕಾ. ಹಾಕೊ ಅಂದ್ರೆ ಪೆಟ್ಟಿಗೆ, ಸುಕಾ ಅಂದ್ರೆ ಸ್ಕೈಲೈನ್‌ನ ಮೊಟಕು’ ಅಂತ ಬರೆದೆ.

ಇದೇ ನಾನು ಮಾಡಿದ ತಪ್ಪು.

ಸರೋಜತ್ತೆ: ಹಾಕೋ ಸುಕ್ಕ? ಎಂತ ಹಾಕೋದು, ಕಡ್ಲೆಯಾ?

ಅಲ್ಲಿಗೆ 27 ಮೆಸೇಜ್ ಸುಕ್ಕದ ಮೇಲೆ ಹೋಯಿತು. ಸುಕ್ಕಕ್ಕೆ ಬೆಲ್ಲ ಬೇಕೋ ಬೇಡವೋ, ಉಡುಪಿ ಕಡೆಯವರು ಎಷ್ಟು ಹಾಕ್ತಾರೆ, ಘಟ್ಟದ ಮೇಲಿನವರಿಗೆ ತೆಂಗಿನಕಾಯಿ ಹುರಿಯೋಕೆ ಬರುತ್ತಾ ಇಲ್ಲವಾ. ಚಿಕ್ಕಮ್ಮ ಉಡುಪಿಯವರು, ಅತ್ತೆ ತೀರ್ಥಹಳ್ಳಿ. ಇಬ್ಬರ ನಡುವೆ 1991ರಿಂದ ಈ ವಿಷಯದಲ್ಲಿ ಶೀತಲ ಸಮರ ಇದೆ. ನಡುವೆ ಯಾರೋ ಕಡ್ಲೆ ಸುಕ್ಕದ ಫೋಟೋ ಹಾಕಿದರು. ಅಪ್ಪ ಅದಕ್ಕೂ ಹೆಬ್ಬೆರಳು.

ಸುಕ್ಕದಿಂದ ಕಾರಿಗೆ ವಾಪಸ್ ಕರೆತಂದದ್ದು ರವಿಯಣ್ಣ. ದೊಡ್ಡಪ್ಪನ ಮಗ, ಸಿಡ್ನಿಯಲ್ಲಿದ್ದಾನೆ. ಆದರೆ ತಂದದ್ದು ಸ್ಕೈಲೈನಿಗಲ್ಲ, ಅಜ್ಜನ ಫಿಯಟ್ಟಿಗೆ.

ಹೆಸರಿಗೆ ಅದು ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯಲಿಲ್ಲ. 1089 ಸಿಸಿ, ಸ್ಟೇರಿಂಗ್ ಪಕ್ಕದಲ್ಲಿ ಗೇರ್ ಕೋಲು, ತಿಳಿ ನೀಲಿ ಬಣ್ಣ. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಪೆಟ್ರೋಲ್ ಪಂಪ್ ಬಿಸಿಯಾಗಿ ಎಂಜಿನ್ ಕೆಮ್ಮುತ್ತಿತ್ತು. ಅಜ್ಜ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಆ ಬಟ್ಟೆ ಅಜ್ಜಿಯ ಹಳೇ ಸೀರೆಯ ತುಂಡು, ಹಸಿರು ಅಂಚಿನದ್ದು. ಡಿಕ್ಕಿಯಲ್ಲಿ ಹಾಲಿನ ಡಬ್ಬಿಯೊಳಗೆ ನೀರಿನ ಜೊತೆಗೇ ಅದ್ದಿಟ್ಟಿರುತ್ತಿದ್ದರು. ನನಗೆ ಎಂಟು ವರ್ಷ ಇದ್ದಾಗ ಆ ಬಟ್ಟೆ ಹಿಂಡುವ ಕೆಲಸ ನನ್ನದು. ಎಂಜಿನ್ ಕಡೆ ನನಗೆ ಕಣ್ಣು ಹೋದದ್ದು ಅಲ್ಲಿಂದಲೇ ಇರಬೇಕು.

ರವಿಯಣ್ಣ: ಮಾವ, ಆಗುಂಬೆ ಕತೆ ಹೇಳಿ. ಕಂಟೆಸ್ಸಾ ಕತೆ.

ಈ ಕತೆ ಕೇಳದ ಮಗು ನಮ್ಮ ಬಳಗದಲ್ಲಿ ಇಲ್ಲ. 1986. ಉಡುಪಿಯಲ್ಲಿ ಮದುವೆ ಮುಗಿಸಿ ವಾಪಸ್. ಆಗುಂಬೆ ಘಾಟಿಯ 14 ತಿರುವು. ಮುಂದೆ ಬಿಳಿ ಕಂಟೆಸ್ಸಾ, ಫಿಯಟ್ಟಿಗಿಂತ ದೊಡ್ಡ ಕಾರು. ಫಿಯಟ್ಟಿನಲ್ಲಿ ಆರು ಜನ, ಎರಡು ಬುಟ್ಟಿ ಮಲ್ಲಿಗೆ, ಒಂದು ಹಲಸಿನ ಹಣ್ಣು. ಆದರೂ ಮಾವ ಕಂಟೆಸ್ಸಾವನ್ನು ಹಿಂದೆ ಹಾಕಿದರು. ಮಾವ ಐದು ನಿಮಿಷದ ಆಡಿಯೋ ಕಳಿಸಿದರು. ನಾನು ಕೇಳಲಿಲ್ಲ. ಬಾಯಿಪಾಠ ಇದೆ.

ಚಿಕ್ಕಪ್ಪನಿಗೆ ಸ್ಕೈಲೈನ್ ಬಾಕಿ ಇತ್ತು. ಬಾಕಿ ಉಳಿಸೋದು ಅವರ ಜಾಯಮಾನವಲ್ಲ.

ಚಿಕ್ಕಪ್ಪ: ಪುಟ್ಟಿ, ‘ಒಂದೂ ಸೋಲಲಿಲ್ಲ’ ಅಂತ ಬರೆದಿದ್ದಾರಲ್ಲ, ಅದು ಎಲ್ಲಿಂದ ಬಂತು?

ನನಗೆ ಇಷ್ಟವಾದ ಭಾಗ ಇದೇ. 1973ರಲ್ಲಿ ಎರಡನೇ ಪೀಳಿಗೆಯ ಜಿಟಿ-ಆರ್ ಬಂತು. ಹೊಗೆಯ ನಿಯಮ ಬಿಗಿಯಾದವು, ಪೆಟ್ರೋಲಿನ ತಾಪತ್ರಯ ಶುರುವಾಯಿತು. ತಯಾರಾದದ್ದು 197 ಕಾರು ಮಾತ್ರ, ಒಂದೂ ರೇಸಿಗೆ ಇಳಿಯಲಿಲ್ಲ. ಆಮೇಲೆ 16 ವರ್ಷ ಜಿಟಿ-ಆರ್ ಅನ್ನೋ ಹೆಸರೇ ಇರಲಿಲ್ಲ. 1989ರಲ್ಲಿ ಮೂರನೇ ಪೀಳಿಗೆಯ ಜಿಟಿ-ಆರ್, ಆರ್32, ಬಂತು. ಇದು ರೇಸಿನ ನಿಯಮ ಪುಸ್ತಕ ಎದುರಿಗಿಟ್ಟುಕೊಂಡು ಮಾಡಿದ ಕಾರು. ‘ಗ್ರೂಪ್ ಎ’ ಅನ್ನೋ ಆಗಿನ ರೇಸ್ ವರ್ಗದ ನಿಯಮದಲ್ಲಿ ಟರ್ಬೊ (ಗಾಳಿ ಒತ್ತಿ ತುಂಬುವ) ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸಬೇಕು. 4500ರೊಳಗೆ ಬಂದರೆ ತೂಕಕ್ಕೂ ಟೈರಿನ ಅಗಲಕ್ಕೂ ಅವರಿಗೆ ಬೇಕಾದ ಮಿತಿ ಸಿಗುತ್ತಿತ್ತು. ಅದಕ್ಕೇ ಎಂಜಿನ್ 2568 ಸಿಸಿ, ಎರಡು ಟರ್ಬೊ. ಬೇರೆ ಯಾರೂ ಈ ಸಂಖ್ಯೆ ಇಟ್ಟುಕೊಳ್ಳುತ್ತಿರಲಿಲ್ಲ.

ಎರಡು ನಿಮಿಷ ಬಿಟ್ಟು ಚಿಕ್ಕಪ್ಪ ಕ್ಯಾಲ್ಕುಲೇಟರಿನ ಫೋಟೋ ಹಾಕಿದರು. 4365.6. ಕೆಳಗೆ: ಸರಿ ಇದೆ.

ಚಿಕ್ಕಪ್ಪ ಈ ಗ್ರೂಪಿನಲ್ಲಿ ‘ಸರಿ ಇದೆ’ ಅಂದದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಆ ಧೈರ್ಯದಲ್ಲಿ ಮುಂದುವರಿದೆ. ಶಕ್ತಿ ಮಾಮೂಲಿಯಾಗಿ ಹಿಂದಿನ ಚಕ್ರಕ್ಕೆ. ಅವು ಜಾರಿದರೆ ಮಾತ್ರ ಮುಂದಿನ ಚಕ್ರಕ್ಕೂ ಹಂಚಿಕೆ. (‘ನಮ್ಮ ರಸ್ತೆಗೆ ಮಳೆಗಾಲದಲ್ಲಿ ಇದೇ ಬೇಕಿತ್ತು’ – ಅತ್ತೆ.) ರೇಸಿನ ಅನುಮತಿಗೆ ಅಂತ ನಿಸ್ಮೊ (ನಿಸ್ಸಾನ್‌ನ ರೇಸ್ ವಿಭಾಗ) ಹೆಸರಿನಲ್ಲಿ 560 ವಿಶೇಷ ಕಾರು ಮಾಡಿದರು. 500 ಮಾರಾಟಕ್ಕೆ, 60 ರೇಸಿಗೆ. 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಸರಣಿಯಲ್ಲಿ 29 ರೇಸ್, 29 ಗೆಲುವು. ಫಾರ್ವರ್ಡ್‌ನವರು ಇದನ್ನೇ 1964ಕ್ಕೆ ಅಂಟಿಸಿದ್ದಾರೆ. ಕಾಗದದ ಮೇಲೆ 280 ಅಶ್ವಶಕ್ತಿ, ಯಾಕೆಂದರೆ ಅದಕ್ಕಿಂತ ಜಾಸ್ತಿ ಬರೆಯೋದಿಲ್ಲ ಅಂತ ಜಪಾನಿನ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ನಿಜಕ್ಕೂ ಜಾಸ್ತಿ ಇತ್ತು ಅನ್ನೋದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ದೊಡ್ಡಪ್ಪ: ಬರೆದದ್ದು ಒಂದು, ಇರುವುದು ಒಂದು. ಇದು ಸುಳ್ಳಲ್ಲವೇ? ಜಪಾನಿನವರಿಂದ ಇದನ್ನು ಕಲಿಯಬಾರದು.

ಮಾವ: ಕಾಗದದ ಮೇಲೆ ಒಂದು, ಕೈಯಲ್ಲಿ ಒಂದು. ನಮ್ಮ ಫಿಯಟ್ಟೂ ಹಾಗೇ ಅಲ್ವಾ ಮಾರಾಟ ಆದದ್ದು?

ಗ್ರೂಪ್ ತಣ್ಣಗಾಯಿತು. ‘ಶ್ರೀಧರ ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬರುತ್ತಿತ್ತು, ಹೋಗುತ್ತಿತ್ತು.

ಗೊತ್ತಿಲ್ಲದವರಿಗೆ: 1997ರಲ್ಲಿ ಅಜ್ಜ ಹೋದ ಮೇಲೆ ಫಿಯಟ್ ಮಾರಿದ್ದು ಚಿಕ್ಕಪ್ಪ. ಕೊಂಡವರು 22 ಸಾವಿರ ಕೊಟ್ಟೆ ಅಂದಿದ್ದರು. ಮನೆಯ ಲೆಕ್ಕದ ಪುಸ್ತಕದಲ್ಲಿ 18 ಸಾವಿರ ಅಂತ ಇದೆ. ಈ ನಾಲ್ಕು ಸಾವಿರ ಇಪ್ಪತ್ತೆಂಟು ವರ್ಷದಿಂದ ನಮ್ಮ ಹಬ್ಬದ ಎಲೆಯ ಮೇಲೆ ಉಪ್ಪಿನ ಪಕ್ಕದಲ್ಲೇ ಬಡಿಸಿಕೊಳ್ಳುತ್ತಾ ಬಂದಿದೆ.

ಚಿಕ್ಕಪ್ಪ: ಬ್ಯಾಟರಿ 1,450. ಎರಡು ಟೈರ್ 1,900. ಇನ್ಶೂರೆನ್ಸ್ ಬಾಕಿ 650. ಒಟ್ಟು 4,000. ಕಳೆದು ಬರೆದದ್ದು 18. ರಸೀದಿ ಇದೆ. ಎಷ್ಟು ಸಲ ಹೇಳಬೇಕು?

ಮಾವ: ಮಾರೋ ಕಾರಿಗೆ ಹೊಸ ಬ್ಯಾಟರಿ ಯಾರು ಹಾಕಿಸ್ತಾರೆ ಶ್ರೀಧರ?

ಚಿಕ್ಕಪ್ಪ: ಸ್ಟಾರ್ಟ್ ಆಗದ ಕಾರನ್ನು ಯಾರು ಕೊಳ್ತಾರೆ ಭಾವ?

ದೊಡ್ಡಪ್ಪ: ದುಡ್ಡಿನ ಮಾತು ಬಿಡಿ. ಅಪ್ಪಯ್ಯನ ಕಾರು ಮಾರುವ ಮುಂಚೆ ನನ್ನನ್ನು ಒಂದು ಮಾತು ಕೇಳಿದ್ಯಾ ಶ್ರೀಧರ?

ಈ ಸಾಲಿಗೆ ಮಾತ್ರ ಅಪ್ಪ ಹೆಬ್ಬೆರಳು ಒತ್ತಲಿಲ್ಲ.

ನಾನು ಫೋನ್ ಮಗುಚಿಟ್ಟು ಬಟ್ಟೆ ಒಣಗಿಸೋಕೆ ಹೋದೆ. ವಾಪಸ್ ಬಂದಾಗ ರವಿಯಣ್ಣ ಆಸ್ಟ್ರೇಲಿಯಾ ಶುರು ಮಾಡಿದ್ದ. ಜಗಳ ಬಿಡಿಸೋಕೆ ಅಂತಲೇ ಇರಬೇಕು. ಅವನು ಬ್ಯಾಥರ್ಸ್ಟ್‌ಗೆ ಹೋಗಿ ಬಂದವನು. ಸಿಡ್ನಿಯಿಂದ ಸುಮಾರು 200 ಕಿಲೋಮೀಟರ್. ಅಲ್ಲಿ ಗುಡ್ಡ ಹತ್ತಿ ಇಳಿಯುವ ಆರು ಕಿಲೋಮೀಟರ್ ರಸ್ತೆಯೇ ರೇಸ್ ಟ್ರ್ಯಾಕು. ಉಳಿದ ದಿನ ಅದು ಮಾಮೂಲಿ ಊರ ರಸ್ತೆ, ವೇಗದ ಮಿತಿ 60.

ಅವನು ಬರೆದದ್ದು ಹೀಗೆ: ಸರ್ಕಾರ ಏನೂ ನಿಷೇಧ ಮಾಡಿಲ್ಲ ಮಾವ. ಗಾಡ್ಜಿಲ್ಲಾ (ಜಪಾನ್ ಸಿನಿಮಾದ ದೈತ್ಯ ಪ್ರಾಣಿ) ಅನ್ನೋ ಹೆಸರಿಟ್ಟದ್ದು ಇಲ್ಲಿನ ‘ವೀಲ್ಸ್’ ಅನ್ನೋ ಪತ್ರಿಕೆ, 1989ರಲ್ಲಿ. 1991ರಲ್ಲಿ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಇದೇ ಕಾರಿನಲ್ಲಿ ಬ್ಯಾಥರ್ಸ್ಟ್ 1000 ಅನ್ನೋ ಸಾವಿರ ಕಿಲೋಮೀಟರ್ ರೇಸ್ ಗೆದ್ದರು. ಇಲ್ಲಿನ ಜನಕ್ಕೆ ಆಗ ಇಲ್ಲೇ ತಯಾರಾಗ್ತಿದ್ದ ಹೋಲ್ಡನ್, ಫೋರ್ಡ್ ಕಾರು ಅಂದ್ರೆ ಪ್ರಾಣ. ಜಪಾನ್ ಕಾರು ಗೆದ್ದದ್ದು ನುಂಗೋಕೆ ಆಗಲಿಲ್ಲ. ಮರುವರ್ಷ ಆ ಕಾರಿಗೆ ತೂಕ ಹೇರಿದರು, ಟರ್ಬೊ ಒತ್ತಡಕ್ಕೆ ಮಿತಿ ಹಾಕಿದರು. ಆದರೂ ಅದೇ ಮುಂದೆ. ರೇಸ್ ನಡುವೆ ಜೋರು ಮಳೆ. ರಿಚರ್ಡ್ಸ್ ಕಾರೂ ಜಾರಿ ಗುದ್ದಿಕೊಂಡಿತು. ರೇಸ್ ನಿಲ್ಲಿಸಿ, ಹಿಂದಿನ ಸುತ್ತಿನ ಲೆಕ್ಕ ಹಿಡಿದು ಅವರನ್ನೇ ಗೆದ್ದವರು ಅಂದರು. ಕೆಳಗೆ ನಿಂತ ಜನ ಕೂಗಿ ಕಿರುಚಿ ಅವಮಾನ ಮಾಡಿದರು. ರಿಚರ್ಡ್ಸ್ ಮೈಕಿನಲ್ಲೇ ಅವರಿಗೆ ಬೈದುಬಿಟ್ಟ.

ದೊಡ್ಡಪ್ಪ: ಎಷ್ಟೇ ಸಿಟ್ಟು ಬಂದರೂ ವೇದಿಕೆಯ ಮೇಲೆ ಕೆಟ್ಟ ಮಾತು ಆಡಬಾರದು. ಸೋತವರು ಹೇಗಾದರೂ ಇರಲಿ, ಗೆದ್ದವನಿಗೆ ಸಂಯಮ ಬೇಕು.

ರವಿಯಣ್ಣ: ಅಪ್ಪಯ್ಯ, ಅದೇ ರೇಸಿನಲ್ಲಿ ಡೆನಿ ಹ್ಯೂಮ್ ಕಾರು ಓಡಿಸ್ತಾ ಇರುವಾಗಲೇ ಹೃದಯಾಘಾತ ಆಗಿ ಹೋಗಿಬಿಟ್ಟ. 1967ರ ಫಾರ್ಮುಲಾ ಒನ್ ಚಾಂಪಿಯನ್. ರಿಚರ್ಡ್ಸ್‌ಗೆ ಗೆಳೆಯ. ವೇದಿಕೆ ಹತ್ತುವ ಸ್ವಲ್ಪ ಮುಂಚೆ ಅವನಿಗೆ ಸುದ್ದಿ ತಿಳಿದಿತ್ತು.

ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ: ಹಾಗಾದರೆ ಬೇರೆ.

ಇದು ದೊಡ್ಡಪ್ಪ. ನಲವತ್ತು ವರ್ಷ ಮೇಷ್ಟರಾಗಿ ಹೇಳಿದ ಮಾತು ಹಿಂದೆ ತೆಗೆದುಕೊಂಡ ನೆನಪು ನನಗಿಲ್ಲ.

1993ರಿಂದ ಅಲ್ಲಿ ಐದು ಲೀಟರಿನ ವಿ8 (ಎಂಟು ಸಿಲಿಂಡರ್) ಕಾರುಗಳಿಗೆ ಹೊಸ ನಿಯಮ ಬಂತು, ಗಾಡ್ಜಿಲ್ಲಾಗೆ ಜಾಗ ಉಳಿಯಲಿಲ್ಲ. ‘ನಿಷೇಧ’ ಅಂದ್ರೆ ಇಷ್ಟೇ. ಚಿಕ್ಕಪ್ಪ ಇದಕ್ಕೆ ಏನೂ ಅನ್ನಲಿಲ್ಲ. ರಸೀದಿ ಹುಡುಕುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಮುಂದಿನ ಪೀಳಿಗೆಯ ಆರ್33 ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಜಾಸ್ತಿ ಹೇಳಲಿಲ್ಲ. 1995ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆ ರೇಸಿಗೆ ಹೋಗಿ ಹತ್ತನೆಯದಾಗಿ ಬಂತು. ನಿಯಮಕ್ಕೆ ಅಂತ ಆ ಮಾದರಿಯ ರಸ್ತೆ ಕಾರು ಒಂದೇ ಒಂದು ಮಾಡಿದರು. ನಾನು ಪ್ಲೇಸ್ಟೇಷನ್‌ನಲ್ಲಿ ಓಡಿಸಿದ್ದು ಆರ್34. ಅದು 2002ರಲ್ಲಿ ನಿಂತಿತು.

ಆಗ ಗಿರೀಶ ಬಂದ. ಬೆಳಿಗ್ಗೆಯಿಂದ ಇದಕ್ಕೇ ಕಾದಿದ್ದ ಹಾಗಿತ್ತು.

ಗಿರೀಶ: ಪುಟ್ಟಕ್ಕ, 2025ರಲ್ಲಿ ನಿಂತದ್ದು ಯಾವುದು?

ನಾನು: ಆರ್35. 2007ರಲ್ಲಿ ಶುರು. ಆಗ ಸ್ಕೈಲೈನ್ ಅನ್ನೋ ಹೆಸರು ಬಿಟ್ಟು ಬರೀ ಜಿಟಿ-ಆರ್ ಅಂತ ಕರೆದರು. ಎಂಜಿನ್ ಒಬ್ಬೊಬ್ಬ ನುರಿತ ಕೆಲಸಗಾರನೇ ಕೈಯಾರೆ ಜೋಡಿಸುತ್ತಿದ್ದ. 2016ರ ಕೊನೆಗೆ ಇಂಡಿಯಾಕ್ಕೂ ತಂದಿದ್ದರು, 1.99 ಕೋಟಿ.

ಗಿರೀಶ: ಅದರಲ್ಲಿ ಕ್ಲಚ್ ಪೆಡಲ್ ಇತ್ತಾ?

ನಾನು: ಇಲ್ಲ. ಹದಿನೆಂಟು ವರ್ಷ ಬರೀ ಆಟೋಮ್ಯಾಟಿಕ್ಕೇ. ಎರಡು ಕ್ಲಚ್ಚಿನ ಗೇರ್‌ಬಾಕ್ಸ್, ಕ್ಲಚ್ ಒತ್ತೋದು ಅದೇ.

ಗಿರೀಶ: ಅಪ್ಪ ಓದಿದ್ರಾ?

ಮಾವ: ಅದು ಜಪಾನು. ಅಲ್ಲಿ ರಸ್ತೆ ಬೇರೆ. ಆಗುಂಬೆಯಲ್ಲಿ ನಿನ್ನ ಆಟೋಮ್ಯಾಟಿಕ್ ತಗೊಂಡು ಬಾ, ನೋಡೋಣ. ಫಿಯಟ್ಟಿನಲ್ಲಿ ಕಂಟೆಸ್ಸಾ ಹಿಂದೆ ಹಾಕಿದವನು ನಾನು.

ಸರೋಜತ್ತೆ: ರೀ, ಹನ್ನೊಂದನೇ ತಿರುವಲ್ಲಿ ಗಾಡಿ ಕುದೀತಲ್ಲ.

ಮಾವ: ಅದು ಆಮೇಲೆ.

ಸರೋಜತ್ತೆ: ರೇಡಿಯೇಟರಿಗೆ ನೀರು ಇರ್ಲಿಲ್ಲ. ಡಬ್ಬಿ ನೀರು ನೀವೇ ಮಲ್ಲಿಗೆಗೆ ಚಿಮುಕಿಸಿ ಖಾಲಿ ಮಾಡಿದ್ರಿ. ನೀರು ಕೊಟ್ಟದ್ದು ಯಾರು ಹೇಳಿ?

ಮಾವ ಟೈಪ್ ಮಾಡುತ್ತಿದ್ದರು. ನಿಲ್ಲಿಸಿದರು. ಮತ್ತೆ ಟೈಪ್ ಮಾಡುತ್ತಿದ್ದರು.

ಸರೋಜತ್ತೆ: ಆ ಕಂಟೆಸ್ಸಾದವರೇ. ಪಾಪ, ಅರ್ಧ ಹಲಸಿನ ಹಣ್ಣು ಕೊಟ್ಟು ಕಳ್ಸಿದ್ವಿ.

ಚಿಕ್ಕಂದಿನಿಂದ ಕೇಳಿದ ಕತೆಯಲ್ಲಿ ಹಲಸಿನ ಹಣ್ಣು ಯಾಕೆ ಇತ್ತು ಅಂತ ನನಗೆ ಅವತ್ತು ಗೊತ್ತಾಯಿತು.

ಅಪ್ಪ ಮೊದಲ ಸಲ ಅಕ್ಷರ ಬರೆದರು: ಹೌದು. ನಾನೂ ಇದ್ದೆ.

ಮಾವ: ನೀರು ಕೊಟ್ಟದ್ದು ನಿಜ. ಇಲ್ಲ ಅಂದೆನಾ? ಆದರೆ ಐದನೇ ತಿರುವಿಂದ ಹನ್ನೊಂದರವರೆಗೆ ಮುಂದಿದ್ದದ್ದು ಯಾರು?

ಮಧ್ಯಾಹ್ನ ಎರಡಕ್ಕೆ ಚಿಕ್ಕಪ್ಪ ಒಂದು ಫೋಟೋ ಹಾಕಿದರು. ಹಳದಿಗಟ್ಟಿದ ರಸೀದಿ. ಬ್ಯಾಟರಿ, 1,450 ರೂಪಾಯಿ, ತಾರೀಕು 1997ರದ್ದೇ. ಕೆಳಗೆ ಕೊಂಡವರ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು ಬರೆದಿತ್ತು. ಟೈರಿನ ರಸೀದಿ ಇನ್ನೂ ಹುಡುಕುತ್ತಿದ್ದಾರಂತೆ.